ಬರಡು ಗೋಮಾಳ ಮತ್ತೆ ಹಸಿರಾದರೆ ಪರಿಸರಕ್ಕೇನು ಲಾಭ? ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ದನಗಳು ಮೇದು ಮೇದು ಬರಡಾದ ಭೂಮಿಯನ್ನು ಸರಿಪಡಿಸುವ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಒಂದನ್ನು ಪ್ರತಿ ವರ್ಷ ವನಮಹೋತ್ಸವದ ಹೊತ್ತಿಗೆ ಕೇಳುತ್ತೇವೆ: ಗೋಮಾಳ ಪಾಳುಬಿದ್ದಿದೆ, ಗಿಡ ನೆಟ್ಟರೆ ಎಲ್ಲ ಸರಿಯಾಗುತ್ತದೆ. ಇನ್ನೊಂದು ವಾಟ್ಸಾಪ್ ಸಂದೇಶಗಳಲ್ಲಿ ಬರುತ್ತದೆ: ದನಗಳನ್ನು ಸರಿಯಾಗಿ ಮೇಯಿಸಿದರೆ ಸಾಕು, ಮಣ್ಣು ಇಂಗಾಲವನ್ನೆಲ್ಲ ಹೀರಿಕೊಂಡು ಭೂಮಿಯ ತಾಪವೇ ಇಳಿಯುತ್ತದೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಅದಕ್ಕಿಂತ ಹೆಚ್ಚು ಉತ್ಪ್ರೇಕ್ಷೆಯಿದೆ. ಯಾವ ಲಾಭ ಖಚಿತ, ಯಾವುದು ಸೀಮಿತ, ಎಲ್ಲಿ ಲಾಭದ ಬದಲು ನಷ್ಟವೇ ಆಗಬಹುದು ಎನ್ನುವುದನ್ನು ಈ ಲೇಖನದಲ್ಲಿ ನೋಡೋಣ.

ಕಂಕನಾಡಿಯಂಥ ಪೇಟೆಯ ನಡುವೆ ಇರುವವರಿಗೆ ಗೋಮಾಳದ ಚಿಂತೆ ಯಾಕೆ ಎಂದು ಕೇಳಬಹುದು. ಬೆಳಗ್ಗೆ ಮನೆಗೆ ಬರುವ ಹಾಲಿನ ಪ್ಯಾಕೆಟ್ಟಿನ ಹಿಂದೆ ಹಸುವಿದೆ, ಹಸುವಿನ ಹಿಂದೆ ಮೇವಿದೆ. ಕರಾವಳಿಯಲ್ಲಿ ಭತ್ತದ ಗದ್ದೆಗಳು ಕಡಿಮೆಯಾದಂತೆ ಇಲ್ಲಿನ ಹೈನುಗಾರರು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲನ್ನು ಅವಲಂಬಿಸಿದ್ದಾರೆ. ಘಟ್ಟದ ಮೇಲೆ ಮೇವು ತುಟ್ಟಿಯಾದರೆ ಇಲ್ಲಿಯೂ ತುಟ್ಟಿಯಾಗುತ್ತದೆ. ಮಂಗಳೂರಿನ ಸುತ್ತ ಕೂಡ ಮೇವುಭೂಮಿಗಳಿದ್ದವು. ಪದವು, ಪದವಿನಂಗಡಿ ಎಂಬ ಊರ ಹೆಸರುಗಳೇ ಅದಕ್ಕೆ ಸಾಕ್ಷಿ. ತುಳುವಿನಲ್ಲಿ ಪದವು ಎಂದರೆ ಮುರಕಲ್ಲಿನ ಮೇಲಿನ ಬಯಲು, ಮಳೆಗಾಲದಲ್ಲಿ ಹುಲ್ಲು ಹಬ್ಬುವ ಎತ್ತರದ ಜಾಗ.

ಮೇವುಭೂಮಿ ಎಂದರೆ ಯಾವುದು?

ಕರ್ನಾಟಕದಲ್ಲಿ ಇದಕ್ಕೆ ಹಲವು ಹೆಸರುಗಳಿವೆ. ಊರಿನ ಎಲ್ಲರ ದನಗಳಿಗೆಂದು ಬಿಟ್ಟ ಸರಕಾರಿ ಜಾಗ ಗೋಮಾಳ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರುಗಳಿಗೆ ಕನಿಷ್ಠ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಒಂದು ದನಕ್ಕೆ ಲೆಕ್ಕ ಹಾಕಿದರೆ 30 ಸೆಂಟ್ಸ್. ಮೈಸೂರು ಸೀಮೆಯಲ್ಲಿ ಕಾವಲುಗಳಿವೆ. ಚಿಕ್ಕದೇವರಾಜ ಒಡೆಯರ್ (1673–1704) ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಆರಂಭವಾಯಿತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ್ ಮಹಲ್ ಕಾವಲುಗಳು. ದಕ್ಷಿಣ ಕನ್ನಡದಲ್ಲಿ ಕುಮ್ಕಿ ಇದೆ. ವರ್ಗ ಜಮೀನಿನ ಅಂಚಿನಿಂದ ಸುಮಾರು 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ಪಡೆಯುವ ಸವಲತ್ತು ಅದು. ಭೂಕಂದಾಯ ಕಾಯ್ದೆ, 1964ರ 79ನೇ ಕಲಂ ಕುಮ್ಕಿ, ಬಾಣೆ, ಬೆಟ್ಟ, ಹಾಡಿಗಳ ಇಂಥ ಸವಲತ್ತುಗಳನ್ನು ಮಾನ್ಯ ಮಾಡಿದೆ.

ಭೂಬಳಕೆಯ ಅಂಕಿಅಂಶಗಳಲ್ಲಿ ಕರ್ನಾಟಕದ ಶಾಶ್ವತ ಹುಲ್ಲುಗಾವಲು ಸುಮಾರು 9 ಲಕ್ಷ ಹೆಕ್ಟೇರ್. ರಾಜ್ಯದ ಒಟ್ಟು ವಿಸ್ತೀರ್ಣದಲ್ಲಿ ಅದು ಶೇ. 5ಕ್ಕಿಂತ ಕಡಿಮೆ. ಇದ್ದುದರಲ್ಲೂ ಬಹುಪಾಲು ಒಳ್ಳೆಯ ಸ್ಥಿತಿಯಲ್ಲಿಲ್ಲ. ಇಸ್ರೊದ ಭೂಸವಕಳಿ ನಕ್ಷೆಯ ಪ್ರಕಾರ 2018-19ರಲ್ಲಿ ದೇಶದ 9.78 ಕೋಟಿ ಹೆಕ್ಟೇರ್, ಅಂದರೆ ಒಟ್ಟು ಭೂಮಿಯ ಶೇ. 29.77ರಷ್ಟು, ಹಾಳಾಗಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಮೂರನೇ ಒಂದಕ್ಕಿಂತ ಹೆಚ್ಚು.

ಹುಲ್ಲು ಹಾಳಾಗುವುದು ಹೇಗೆ?

ಹುಲ್ಲಿಗೆ ಒಂದು ವಿಶೇಷ ಗುಣವಿದೆ. ಮರಗಿಡಗಳ ಚಿಗುರು ಕೊಂಬೆಯ ತುದಿಯಲ್ಲಿದ್ದರೆ ಹುಲ್ಲಿನ ಚಿಗುರುವ ಭಾಗ ನೆಲಕ್ಕೆ ತಾಗಿಕೊಂಡಿರುತ್ತದೆ. ಮೇಲಿನ ಎಲೆಯನ್ನು ದನ ತಿಂದರೂ ಬುಡದಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಮೇಯುವುದರಿಂದಲೇ ಹುಲ್ಲು ನಾಶವಾಗುವುದಿಲ್ಲ. ಚಿಗುರಿದ ತಕ್ಷಣ ಮತ್ತೆ, ಮತ್ತೆ ಮತ್ತೆ ತಿಂದರೆ ಮಾತ್ರ ತೊಂದರೆ. ಎಲೆಯಿಲ್ಲದ ಹುಲ್ಲಿಗೆ ಆಹಾರ ತಯಾರಿಸಲಾಗದು. ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ, ಬೇರು ಗಿಡ್ಡವಾಗುತ್ತದೆ, ಮುಂದಿನ ಬೇಸಗೆಗೆ ಸಾಯುತ್ತದೆ.

ಇದು ನಿಶ್ಚಿತ ಕ್ರಮದಲ್ಲಿ ನಡೆಯುತ್ತದೆ. ಮೊದಲು ದನ ಇಷ್ಟಪಡುವ ಬಹುವಾರ್ಷಿಕ ಹುಲ್ಲುಗಳು ಮಾಯವಾಗುತ್ತವೆ. ಅವುಗಳ ಜಾಗದಲ್ಲಿ ಒಂದೇ ಮಳೆಗಾಲ ಬದುಕುವ ಸಣ್ಣ ಹುಲ್ಲುಗಳೂ ಪೊರಕೆ ಕಟ್ಟುವ ಹಂಚಿಕಡ್ಡಿಯಂಥ ಒರಟು ಹುಲ್ಲುಗಳೂ ಬರುತ್ತವೆ. ಆಮೇಲೆ ದನ ಮೂಸದ ಗಿಡಗಳ ಸರದಿ: ಪಾರ್ಥೇನಿಯಂ, ಲಂಟಾನ, ಯುಪಟೋರಿಯಂ, ಬಳ್ಳಾರಿ ಜಾಲಿ. ಆಟಿ ತಿಂಗಳಲ್ಲಿ ನಾವು ಪಲ್ಯ ಮಾಡಿ ತಿನ್ನುವ ಚಗಟೆಯನ್ನು (ತುಳುವಿನ ತೊಜಂಕ್) ದನಗಳು ಮುಟ್ಟುವುದಿಲ್ಲ. ಒಂದು ಬಯಲಿನ ತುಂಬ ಅದೇ ಹಬ್ಬಿದ್ದರೆ ಅಲ್ಲಿ ಮೇವು ಮುಗಿದಿದೆ ಎಂದೇ ಅರ್ಥ. ಕೊನೆಗೆ ಉಳಿಯುವುದು ಗೊರಸಿನಿಂದ ಗಟ್ಟಿಯಾದ ಬರಿ ನೆಲ.

ಹಾಳಾಗಲು ದನಗಳೇ ಕಾರಣ ಎನ್ನುವುದೂ ಅರ್ಧಸತ್ಯ. ಗೋಮಾಳ ಒತ್ತುವರಿಯಾದಾಗ, ಮಂಜೂರಾದಾಗ, ಕಲ್ಲಿನ ಕೋರೆಗೋ ಕಸ ಸುರಿಯಲಿಕ್ಕೋ ಬಳಕೆಯಾದಾಗ ಉಳಿದ ತುಂಡಿನ ಮೇಲೆ ಊರಿನ ಎಲ್ಲ ದನಗಳ ಭಾರ ಬೀಳುತ್ತದೆ. 30 ಎಕರೆಯಲ್ಲಿ ಮೇಯಬೇಕಾದ ದನಗಳು 10 ಎಕರೆಯಲ್ಲಿ ಮೇದರೆ ಯಾವ ಹುಲ್ಲೂ ಉಳಿಯದು.

ಸರಿಪಡಿಸುವುದು ಎಂದರೆ ಏನು?

ಮುಖ್ಯ ಮದ್ದು ವಿಶ್ರಾಂತಿ. ಮಳೆ ಬಿದ್ದ ಮೊದಲ ವಾರಗಳಲ್ಲಿ, ಹುಲ್ಲು ಎಲೆ ಬಿಟ್ಟು ಬೇರಿಗೆ ಆಹಾರ ತುಂಬಿಸುವಾಗ ದನಗಳನ್ನು ದೂರವಿಡಬೇಕು. ಬೀಜ ಉದುರುವವರೆಗೂ ಕೆಲವು ತುಂಡುಗಳನ್ನು ಮುಟ್ಟದೆ ಬಿಡಬೇಕು. ಜಾಗವನ್ನು ಭಾಗಗಳಾಗಿ ಮಾಡಿ ಸರದಿಯಲ್ಲಿ ಮೇಯಿಸಬೇಕು. ಇದು ಹೊಸ ವಿಚಾರವಲ್ಲ. ಅಮೃತ್ ಮಹಲ್ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಕಡೆ ಮೇಯುವಾಗ ಉಳಿದ ಕಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು.

ವಿಶ್ರಾಂತಿಯಿಂದ ಮಾತ್ರ ಸರಿಯಾಗದಷ್ಟು ಹಾಳಾದ ಕಡೆ ಇನ್ನಷ್ಟು ಕೆಲಸ ಬೇಕು. ಕಳೆಗಿಡಗಳನ್ನು ಬೇರು ಸಮೇತ ಕೀಳುವುದು, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಬದುಗಳನ್ನು ಹಾಕುವುದು, ಸ್ಥಳೀಯ ಹುಲ್ಲಿನ ಬೀಜ ಎರಚುವುದು, ನಡುವೆ ಸ್ಟೈಲೋದಂಥ ದ್ವಿದಳ ಮೇವು ಸೇರಿಸುವುದು. ದ್ವಿದಳ ಸಸ್ಯಗಳ ಬೇರಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ರಾಸಾಯನಿಕ ಗೊಬ್ಬರದ ಅಗತ್ಯ ತಗ್ಗುತ್ತದೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದ್ದು ಇಂಥ ವಿಷಯಗಳಲ್ಲಿ ಕೆಲಸ ಮಾಡುತ್ತಿದೆ.

ಖಚಿತ ಲಾಭ: ಮಣ್ಣು ಮತ್ತು ನೀರು

ಪರಿಸರಕ್ಕಾಗುವ ಲಾಭಗಳಲ್ಲಿ ಅತಿ ಬೇಗ ಕಾಣುವುದು, ಅತಿ ಕಡಿಮೆ ವಿವಾದವಿರುವುದು ಇದು. ಬರಿ ನೆಲಕ್ಕೆ ಮಳೆಹನಿ ನೇರವಾಗಿ ಬಡಿದಾಗ ಮಣ್ಣಿನ ಕಣಗಳು ಒಡೆದು ಮೇಲ್ಪದರದ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ಹರಿಯುತ್ತದೆ, ಹರಿಯುವಾಗ ಮಣ್ಣನ್ನೂ ಒಯ್ಯುತ್ತದೆ. ಹುಲ್ಲಿನ ಹೊದಿಕೆ ಹನಿಯ ಪೆಟ್ಟನ್ನು ತಡೆಯುತ್ತದೆ, ಬೇರುಗಳೂ ಗೆದ್ದಲು, ಎರೆಹುಳ, ಸಗಣಿಹುಳಗಳೂ ಮಾಡಿದ ತೂತುಗಳಲ್ಲಿ ನೀರು ಒಳಗಿಳಿಯುತ್ತದೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಅದು ಕೊಚ್ಚಿಹೋಗಲು ಕೆಲವು ಜೋರು ಮಳೆ ಸಾಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ಹರಿಯಾಣದ ಸುಖೋಮಾಜ್ರಿ. ಚಂಡೀಗಢದ ಸುಖ್ನಾ ಕೆರೆಗೆ ಹೂಳು ತುಂಬುತ್ತಿದ್ದುದಕ್ಕೆ ಕಾರಣ ಹುಡುಕಿದಾಗ ಮೇಲ್ಭಾಗದ ಬೋಳುಗುಡ್ಡಗಳು ಸಿಕ್ಕಿದವು. 1970ರ ದಶಕದಲ್ಲಿ ಅಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಲಾಯಿತು. ಗುಡ್ಡಕ್ಕೆ ದನ, ಆಡುಗಳನ್ನು ಬಿಡದಿರಲು ಊರವರೇ ಒಪ್ಪಿದರು. ಅದಕ್ಕೆ ಪ್ರತಿಯಾಗಿ ಒಡ್ಡಿನ ನೀರಿನಲ್ಲಿ ಪ್ರತಿ ಮನೆಗೂ ಪಾಲು ಸಿಕ್ಕಿತು. ತಂತಿಬೇಲಿ ಇಲ್ಲದೆ ಊರಿನ ಒಪ್ಪಂದವೇ ಬೇಲಿಯಾಯಿತು. ಗುಡ್ಡದಲ್ಲಿ ಹುಲ್ಲು ಮರಳಿತು, ಅಲ್ಲಿಂದ ಕೆರೆಗೆ ಬರುವ ಹೂಳು ಬಹಳ ತಗ್ಗಿತು. ಊರವರ ಪಾಲು ನಿಶ್ಚಿತವಿಲ್ಲದ ಕಡೆ ಬೇಲಿಯೂ ಉಳಿಯುವುದಿಲ್ಲ ಎನ್ನುವುದು ಇದರ ಇನ್ನೊಂದು ಪಾಠ.

ಗಿಡ ನೆಟ್ಟರೆ ಸಾಲದೇ?

ಕರ್ನಾಟಕಕ್ಕೆ ಈ ಪ್ರಶ್ನೆಯ ಉತ್ತರ ಅನುಭವದಿಂದಲೇ ಗೊತ್ತಿದೆ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯನ್ನು ಕೊಡುವ ಯೋಜನೆ ಅದು. ಕಡತದಲ್ಲಿ ಅದು ‘ಪಾಳು’. ಸುತ್ತಲಿನ ಹಳ್ಳಿಗಳಿಗೆ ಅದೇ ಮೇವು, ಅದೇ ಸೌದೆ. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಜಿಲ್ಲೆಯವರೇ ಆದ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಕಂಪನಿ ಮುಚ್ಚಿತು.

ನೀರಿನ ದೃಷ್ಟಿಯಿಂದಲೂ ಆ ವಿರೋಧಕ್ಕೆ ಆಧಾರವಿತ್ತು. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ನಡೆದ ಅಧ್ಯಯನದಲ್ಲಿ ನೀಲಗಿರಿ ತೋಪು ಮೂರು ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತ್ತು. ಕೊರತೆಯನ್ನು ಆಳದ ಮಣ್ಣಿನಿಂದ ಬೇರುಗಳು ಎಳೆದುಕೊಂಡಿದ್ದವು. ವರ್ಷಕ್ಕೆ ಹುಲ್ಲು ಬಳಸುವ ನೀರು ಇದಕ್ಕಿಂತ ಬಹಳ ಕಡಿಮೆ, ಯಾಕೆಂದರೆ ಬೇಸಗೆಯಲ್ಲಿ ಅದು ಒಣಗಿ ಸುಮ್ಮನಿರುತ್ತದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಹುಲ್ಲುಗಾವಲಿನ ಮೇಲೆ ದಟ್ಟವಾಗಿ ಮರ ಬೆಳೆಸಿದರೆ ಅಂತರ್ಜಲ ಏರುವ ಬದಲು ಇಳಿಯುವ ಸಾಧ್ಯತೆಯೇ ಹೆಚ್ಚು. 2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಹಾಗೆಂದು ಮರ ಎಲ್ಲೆಡೆ ಕೆಟ್ಟದ್ದಲ್ಲ. ಮೂರ್ನಾಲ್ಕು ಪಟ್ಟು ಹೆಚ್ಚು ಮಳೆ ಬೀಳುವ ಉತ್ತರ ಕನ್ನಡದ ಕರಾವಳಿಯಲ್ಲಿ ನಡೆದ ಅಧ್ಯಯನದ ಫಲಿತಾಂಶ ಬೇರೆ. ಮಳೆಯ ನೀರು ಇಂಗದೆ ಹರಿದುಹೋಗುವ ಪಾಲು ಹಾಳಾದ ಭೂಮಿಯಲ್ಲಿ ಅತಿ ಹೆಚ್ಚು, ಅಕೇಶಿಯಾ ನೆಡುತೋಪಿನಲ್ಲಿ ಅದಕ್ಕಿಂತ ಕಡಿಮೆ, ಸ್ವಾಭಾವಿಕ ಕಾಡಿನಲ್ಲಿ ಅತಿ ಕಡಿಮೆ ಇತ್ತು. ಮಣ್ಣಿನೊಳಗೆ ಇಳಿಯುವ ನೀರು ಎಷ್ಟು, ಸಸ್ಯಗಳು ಹೀರಿ ಆವಿಯಾಗಿಸುವ ನೀರು ಎಷ್ಟು ಎಂಬ ಎರಡು ಲೆಕ್ಕಗಳ ವ್ಯತ್ಯಾಸವೇ ಕೊನೆಗೆ ಬಾವಿಗೆ ಸಿಗುವುದು. ಕಾಡಾಗಿದ್ದ ಜಾಗ ಹಾಳಾಗಿದ್ದರೆ ಸ್ಥಳೀಯ ಕಾಡುಮರಗಳನ್ನು ಮರಳಿ ತರುವುದು ಸರಿ. ಹಿಂದಿನಿಂದಲೂ ಹುಲ್ಲಾಗಿದ್ದ ಜಾಗದಲ್ಲಿ ಹುಲ್ಲನ್ನೇ ಮರಳಿ ತರಬೇಕು.

ನಮ್ಮ ಪದವುಗಳ ಕಥೆ

ಮಂಗಳೂರಿನ ಸುತ್ತಲಿನ ಮುರಕಲ್ಲಿನ ಪದವುಗಳನ್ನು ಬೇಸಗೆಯಲ್ಲಿ ನೋಡಿದರೆ ಕಪ್ಪುಕಂದು ಕಲ್ಲಿನ ಹಾಸು ಬಿಟ್ಟು ಏನೂ ಕಾಣದು. ಜೂನ್ ಕಳೆದರೆ ಅದೇ ಕಲ್ಲಿನ ಸಣ್ಣ ಗುಂಡಿಗಳಲ್ಲಿ ನೀರು ನಿಂತು ಹುಲ್ಲು ಹಬ್ಬುತ್ತದೆ. ಕೀಟಗಳನ್ನು ಹಿಡಿದು ಜೀರ್ಣಿಸುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಸಸ್ಯಗಳು ಹೂಬಿಡುತ್ತವೆ. ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ ಇರುವುದರಿಂದಲೇ ಅವು ಕೀಟಗಳತ್ತ ತಿರುಗಿವೆ. ಮಲೆನಾಡು ಗಿಡ್ಡದಂಥ ಸಣ್ಣ ದನಗಳು ಮೇಯುತ್ತಿದ್ದುದು ಇಂಥ ಕಡೆಗಳಲ್ಲೇ.

ಬೇಸಗೆಯ ಈ ರೂಪ ನೋಡಿ ಪದವನ್ನು ಬರಡು ಎಂದು ಬರೆದುಕೊಂಡರೆ ‘ಸರಿಪಡಿಸುವ’ ಕೆಲಸವೇ ಹಾನಿ ಮಾಡುತ್ತದೆ. ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟದ್ದು ಹೀಗೆಯೇ. ಅದರ ಒಣಗಿದ ಎಲೆಗಳು ದಪ್ಪನಾಗಿ ಹಾಸಿಕೊಂಡು ನಿಧಾನವಾಗಿ ಕೊಳೆಯುತ್ತವೆ, ಕೆಳಗೆ ಬೆಳಕು ಬೀಳದೆ ಹುಲ್ಲು ಬಾರದು, ಎಲೆಯನ್ನು ದನ ತಿನ್ನದು. ಕಲ್ಲಿನ ಮೇಲೆ ಯಂತ್ರದಿಂದ ಅಗಳು ತೋಡಿದರೆ ಗುಂಡಿಗಳಲ್ಲಿ ನಿಲ್ಲುತ್ತಿದ್ದ ನೀರು ಸೋರಿಹೋಗಿ ಅಲ್ಲಿನ ಸಸ್ಯಗಳೂ ಕಪ್ಪೆಗಳೂ ಇಲ್ಲವಾಗುತ್ತವೆ. ಪದವಿಗೆ ಬೇಕಾದದ್ದು ಕಲ್ಲಿನ ಕೋರೆ, ಕಸ, ವಾಹನಗಳಿಂದ ರಕ್ಷಣೆ. ಅಷ್ಟಾದರೆ ಹುಲ್ಲು ತಾನೇ ಬರುತ್ತದೆ.

ಇಂಗಾಲದ ಲೆಕ್ಕ: ಲಾಭವಿದೆ, ಮಿತಿಯೂ ಇದೆ

ಹುಲ್ಲುಗಾವಲಿನ ಇಂಗಾಲ ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಅದರ ಬಹುಪಾಲು ನೆಲದೊಳಗಿದೆ. ಪ್ರತಿ ವರ್ಷ ಸಾಯುವ ಬೇರುಗಳು ಮಣ್ಣಿನ ಸಾವಯವ ಅಂಶವಾಗಿ ಉಳಿಯುತ್ತವೆ. ಕಾಡಿಗೆ ಬೆಂಕಿ ಬಿದ್ದರೆ ಮರದಲ್ಲಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಹುಲ್ಲಿಗೆ ಬೆಂಕಿ ಬಿದ್ದರೆ ಮಣ್ಣಿನಲ್ಲಿದ್ದುದು ಬಹುತೇಕ ಹಾಗೆಯೇ ಇರುತ್ತದೆ. ಹಾಳಾದ ಹುಲ್ಲುಗಾವಲನ್ನು ಸರಿಪಡಿಸಿದರೆ ಮಣ್ಣಿನ ಇಂಗಾಲ ಹೆಚ್ಚುತ್ತದೆ ಎನ್ನುವುದು ನಿಜ. ಪ್ರಪಂಚದ ವಿವಿಧೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಒಳ್ಳೆಯ ನಿರ್ವಹಣೆಯಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 0.1ರಿಂದ 1 ಟನ್, ಸರಾಸರಿ ಅರ್ಧ ಟನ್ನಿನಷ್ಟು ಇಂಗಾಲ ಸೇರುತ್ತದೆ. ಒಣಪ್ರದೇಶಗಳಲ್ಲಿ ಕೆಳಗಿನ ಅಂಕಿಯನ್ನೇ ನಿರೀಕ್ಷಿಸಬೇಕು.

ಇದು ದನದ ಮೀಥೇನನ್ನು ಸರಿದೂಗಿಸುತ್ತದೆಯೇ? ಲೆಕ್ಕ ಹಾಕಿ ನೋಡೋಣ. ನಿಯಮದಂತೆ ಒಂದು ದನಕ್ಕೆ 0.12 ಹೆಕ್ಟೇರ್ ಗೋಮಾಳ. ಹೆಕ್ಟೇರಿಗೆ ಅರ್ಧ ಟನ್ ಇಂಗಾಲ ಎಂದರೆ ಸುಮಾರು 1.8 ಟನ್ ಇಂಗಾಲದ ಡೈ ಆಕ್ಸೈಡ್. 0.12 ಹೆಕ್ಟೇರಿಗೆ ಸುಮಾರು 220 ಕಿಲೋ. ಅತ್ಯುತ್ತಮ ಸ್ಥಿತಿಯಲ್ಲಿ, ಹೆಕ್ಟೇರಿಗೆ 1 ಟನ್ ಎಂದು ಹಿಡಿದರೂ ಸುಮಾರು 440 ಕಿಲೋ. ಇನ್ನೊಂದು ಬದಿ: ಹವಾಮಾನ ಬದಲಾವಣೆಯ ಅಂತರ್‌ಸರಕಾರಿ ಸಮಿತಿ 2006ರಲ್ಲಿ ಭಾರತ ಉಪಖಂಡಕ್ಕೆ ಕೊಟ್ಟ ಅಂಕಿಗಳಂತೆ ಒಂದು ಹಾಲು ಕೊಡುವ ಹಸು ವರ್ಷಕ್ಕೆ ಸುಮಾರು 58 ಕಿಲೋ, ಇತರ ದನ 27 ಕಿಲೋ ಮೀಥೇನ್ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹೆಚ್ಚಿಸುತ್ತದೆ. ಅಂದರೆ ಹಸುವಿಗೆ 1,600 ಕಿಲೋಗೂ ಹೆಚ್ಚು, ಇತರ ದನಕ್ಕೆ ಸುಮಾರು 750 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಅತ್ಯುತ್ತಮ ಗೋಮಾಳವೂ ಇದನ್ನು ತುಂಬಿಕೊಡಲಾರದು.

ಇನ್ನೊಂದು ಮಿತಿಯೂ ಇದೆ. ಮಣ್ಣು ಕೊನೆಯಿಲ್ಲದೆ ಇಂಗಾಲ ಹೀರುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹೊತ್ತಿಗೆ ಹೊಸ ಸಮತೋಲನ ತಲಪಿ ಏರಿಕೆ ಬಹುತೇಕ ನಿಲ್ಲುತ್ತದೆ. ದನ ಮಾತ್ರ ಪ್ರತಿ ವರ್ಷ ಮೀಥೇನ್ ಬಿಡುತ್ತಲೇ ಇರುತ್ತದೆ. ಆಮೇಲೆ ಆ ಜಾಗವನ್ನು ಉತ್ತರೆ ಅಥವಾ ಮತ್ತೆ ಅತಿಯಾಗಿ ಮೇಯಿಸಿದರೆ ಕೂಡಿಟ್ಟ ಇಂಗಾಲವೂ ಹೊರಟುಹೋಗುತ್ತದೆ. ಹುಲ್ಲು ಬೇಗ ಬೆಳೆಯಲೆಂದು ಯೂರಿಯಾ ಸುರಿದರೆ ಇಂಗಾಲದ ಡೈ ಆಕ್ಸೈಡಿಗಿಂತ 270 ಪಟ್ಟಿನಷ್ಟು ಪ್ರಬಲವಾದ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ.

ಹಾಗಿದ್ದರೆ ಪ್ರಯೋಜನವಿಲ್ಲವೇ? ಇದೆ. ಹಾಳಾಗುತ್ತಿರುವ ಮಣ್ಣು ಇದ್ದ ಇಂಗಾಲವನ್ನೂ ಕಳೆದುಕೊಳ್ಳುತ್ತಿರುತ್ತದೆ. ಅದನ್ನು ನಿಲ್ಲಿಸುವುದೇ ಮೊದಲ ಲಾಭ. ಒಳ್ಳೆಯ ಮೇವು ತಿಂದ ಹಸು ಹೆಚ್ಚು ಹಾಲು ಕೊಡುವುದರಿಂದ ಪ್ರತಿ ಲೀಟರ್ ಹಾಲಿನ ಹಿಂದಿರುವ ಮೀಥೇನ್ ಕಡಿಮೆಯಾಗುತ್ತದೆ. ಹುಲ್ಲುಗಾವಲಿನಿಂದ ಭೂಮಿಯ ತಾಪ ಇಳಿಯುತ್ತದೆ ಎಂದರೆ ಮಾತ್ರ ಅದು ಲೆಕ್ಕ ಮೀರಿದ ಮಾತು.

ದೇಸಿ ಹಸು ಮೀಥೇನ್ ಬಿಡುವುದಿಲ್ಲವೇ?

ಬಿಡುತ್ತದೆ. ಮೀಥೇನ್ ತಯಾರಿಸುವುದು ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಹಸು, ಎಮ್ಮೆ, ಆಡು, ಕುರಿ, ಜಿಂಕೆ, ಎಲ್ಲವುಗಳಲ್ಲೂ ಅವು ಇವೆ. ಮಲೆನಾಡು ಗಿಡ್ಡ ಗಾತ್ರದಲ್ಲಿ ಸಣ್ಣದು, ತಿನ್ನುವುದು ಕಡಿಮೆ, ಹಾಗಾಗಿ ಒಂದು ದನದ ಲೆಕ್ಕದಲ್ಲಿ ಅದರ ಮೀಥೇನ್ ಕಡಿಮೆ. ಹಾಲೂ ಕಡಿಮೆಯಾದ್ದರಿಂದ ಲೀಟರಿನ ಲೆಕ್ಕದಲ್ಲಿ ಹೆಚ್ಚೇ ಆಗಬಹುದು. ಹಸು ಆಮ್ಲಜನಕವನ್ನು ಹೊರಬಿಡುತ್ತದೆ ಎನ್ನುವ ಸಂದೇಶಕ್ಕೂ ಆಧಾರವಿಲ್ಲ. ಎಲ್ಲ ಪ್ರಾಣಿಗಳಂತೆ ಅದೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಕಲ್ಲುಗುಡ್ಡದಲ್ಲಿ ಒರಟು ಹುಲ್ಲು ತಿಂದು, ಹೊರಗಿನ ಮೇವಿಲ್ಲದೆ ಬದುಕಬಲ್ಲವು ಎನ್ನುವುದು ದೇಸಿ ತಳಿಗಳ ನಿಜವಾದ ಗುಣ. ಅದಕ್ಕಾಗಿ ಅವುಗಳನ್ನು ಉಳಿಸಿಕೊಳ್ಳಬೇಕು.

ದನಗಳನ್ನು ಪೂರ್ತಿ ಹೊರಗಿಟ್ಟರೆ?

ಕೆಲವು ವರ್ಷ ಹೊರಗಿಡುವುದು ಮದ್ದು. ಶಾಶ್ವತವಾಗಿ ಹೊರಗಿಡುವುದು ಬೇರೆ ಸಮಸ್ಯೆ ತರಬಹುದು. ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ, ದನಗಳನ್ನು ಮೇಯಿಸುವುದನ್ನು ನಿಷೇಧಿಸಲಾಯಿತು. ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಆಮೇಲೆ ತೋರಿಸಿದ್ದು ಬೇರೆಯೇ: ಎಮ್ಮೆಗಳು ತಿನ್ನುತ್ತಿದ್ದ ಹುಲ್ಲು ಮಿತಿಮೀರಿ ಬೆಳೆದು ನೀರಿನ ಜಾಗವನ್ನು ಮುಚ್ಚಿತ್ತು, ಹಕ್ಕಿಗಳಿಗೆ ತೊಂದರೆಯಾಗಿತ್ತು. ಅದು ಜೌಗು, ನಮ್ಮದು ಒಣ ಬಯಲು. ಆದರೂ ಮೇಯುವ ಪ್ರಾಣಿಗಳೊಂದಿಗೆ ಬೆಳೆದುಬಂದ ಹುಲ್ಲಿಗೆ ಅವು ಬೇಕು ಎಂಬ ತತ್ತ್ವ ಎರಡಕ್ಕೂ ಅನ್ವಯಿಸುತ್ತದೆ. ಮೇಯದೆ, ಕತ್ತರಿಸದೆ ಬಿಟ್ಟ ಹುಲ್ಲು ಒಣಗಿ ದಟ್ಟವಾಗಿ ಬೆಂಕಿಗೆ ಮೇವಾಗುತ್ತದೆ, ಅಥವಾ ಪೊದೆಗಳಿಗೆ ಜಾಗ ಬಿಟ್ಟುಕೊಡುತ್ತದೆ.

ಹುಲ್ಲಿನೊಂದಿಗೆ ಬರುವ ಜೀವಿಗಳು

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಲಾಯಿತು. 119 ಚದರ ಕಿಲೋಮೀಟರಿನ ಆ ಬಯಲಿನ ಬಹುಭಾಗ ನೀಲಗಿರಿ ತೋಪಾಗಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ತೆರೆದ ಬಯಲನ್ನೇ ನೆಚ್ಚಿದ್ದ ಎರೆಭೂತ ಅಲ್ಲಿಂದ ಕಾಣೆಯಾಯಿತು. ಮರ ಹೆಚ್ಚಾಯಿತು, ಆದರೆ ಜಾಗದ ಜೀವವೈವಿಧ್ಯ ಕಡಿಮೆಯಾಯಿತು. ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲಿ 1961ರಲ್ಲಿ ಉಪ್ಪುನೆಲ ಹರಡುವುದನ್ನು ತಡೆಯಲು ನೆಟ್ಟ ಬಳ್ಳಾರಿ ಜಾಲಿ ಈಗ ಅರ್ಧಕ್ಕೂ ಹೆಚ್ಚು ಜಾಗವನ್ನು ಆವರಿಸಿದೆ. ಅದನ್ನು ತೆಗೆದ ಕಡೆ ಹುಲ್ಲು ಮರಳುತ್ತಿದೆ.

ಚಳ್ಳಕೆರೆಯ ಕಾವಲುಗಳಲ್ಲಿ ಏನು ಕಳೆದುಕೊಳ್ಳುತ್ತೇವೆ ಎನ್ನುವುದು ಇನ್ನೂ ಸ್ಪಷ್ಟ. ಸುಮಾರು 2007ರಿಂದ 2010ರ ನಡುವೆ ಅಲ್ಲಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆಯನ್ನು ರಕ್ಷಣಾ, ಪರಮಾಣು, ಬಾಹ್ಯಾಕಾಶ ಸಂಸ್ಥೆಗಳಿಗೂ ಇತರರಿಗೂ ಕೊಡಲಾಯಿತು. ಕಂಬಳಿ ನೇಯುವ ಕುರುಬರ ಕುರಿಗಳು, ಕಾಡುಗೊಲ್ಲರ, ಮ್ಯಾಸಬೇಡರ ದೇವರ ಎತ್ತುಗಳು ಮೇಯುತ್ತಿದ್ದ ಜಾಗ ಅದು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹೆಸರಘಟ್ಟದಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. ಹಲವು ವರ್ಷಗಳ ಒತ್ತಾಯದ ನಂತರ 2024ರಲ್ಲಿ ಅಲ್ಲಿನ 5,600 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು.

ಬ್ರೆಜಿಲ್ ಮಾದರಿ ನಮಗೆ ಸರಿಯೇ?

2023ರ ಡಿಸೆಂಬರಿನಲ್ಲಿ ಬ್ರೆಜಿಲ್ ಹತ್ತು ವರ್ಷಗಳಲ್ಲಿ 4 ಕೋಟಿ ಹೆಕ್ಟೇರ್ ಹಾಳಾದ ಹುಲ್ಲುಗಾವಲನ್ನು ಸರಿಪಡಿಸುವ ಗುರಿ ಹಾಕಿಕೊಂಡಿತು. ಅಲ್ಲಿನ ತರ್ಕ ಸರಳ: ಇರುವ ಹುಲ್ಲುಗಾವಲು ಹೆಚ್ಚು ಮೇವು, ಬೆಳೆ ಕೊಟ್ಟರೆ ಹೊಸದಾಗಿ ಕಾಡು ಕಡಿಯುವ ಅಗತ್ಯ ಬೀಳದು. ಆದರೆ ಅಲ್ಲಿನ ಹುಲ್ಲುಗಾವಲುಗಳಲ್ಲಿ ಬಹಳಷ್ಟು ಕಾಡು ಅಥವಾ ಸವನ್ನಾ ತೆಗೆದು ಆಫ್ರಿಕಾದ ಬ್ರಾಕಿಯಾರಿಯಾ ಹುಲ್ಲು ಬಿತ್ತಿ ಮಾಡಿದವು. ಅಲ್ಲಿ ಬೆಳೆಯಾಗಿ ಬದಲಾಯಿಸಿದರೆ ಸ್ವಾಭಾವಿಕವಾದದ್ದೇನೂ ಹೊಸದಾಗಿ ನಾಶವಾಗದು. ಬಯಲುಸೀಮೆಯ ಕಾವಲು, ಕರಾವಳಿಯ ಪದವು ಹಾಗಲ್ಲ. ಅವು ಬಹುಕಾಲದಿಂದ ಹುಲ್ಲಾಗಿಯೇ ಇದ್ದ ನೆಲ. ಅಲ್ಲಿ ಹೊರಗಿನ ಒಂದೇ ಹುಲ್ಲನ್ನು ಬಿತ್ತಿದರೆ ಮೇವು ಸಿಗಬಹುದು, ಹುಲ್ಲುಗಾವಲು ಮರಳಿದಂತಾಗದು. ಹೈಬ್ರಿಡ್ ನೇಪಿಯರ್ ಬೆಳೆಯಲು ಹಟ್ಟಿಯ ಪಕ್ಕದ ತೋಟ ಸಾಕು.

ನಿಮ್ಮ ಪಂಚಾಯತ್‌ನಲ್ಲಿ ಯೋಜನೆ ಬಂದರೆ ಏನು ಕೇಳಬೇಕು?

ಸಂಯುಕ್ತ ರಾಷ್ಟ್ರ ಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಇಂಥ ಸಂದರ್ಭಗಳಲ್ಲಿ ಯೋಜನೆಗಳೂ ಬರುತ್ತವೆ, ಸಸಿ ನೆಡುವ ಫೋಟೋಗಳೂ ಬರುತ್ತವೆ. ಗ್ರಾಮಸಭೆಯಲ್ಲಿ ಈ ಕೆಲವು ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು ಯಾವುದು, ಹೆಸರಿಗೆ ಮಾತ್ರ ಯಾವುದು ಎಂದು ತಿಳಿಯುತ್ತದೆ.

ಆ ಜಾಗ ಮೊದಲು ಏನಾಗಿತ್ತು, ಕಾಡೋ ಹುಲ್ಲೋ? ಊರಿನ ಹಿರಿಯರೂ ದನ ಮೇಯಿಸಿದವರೂ ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲರು.

ನೆಡುವುದು, ಬಿತ್ತುವುದು ಏನು? ಒಂದೇ ಜಾತಿಯ ಮರವೇ, ಅಥವಾ ಸ್ಥಳೀಯ ಹುಲ್ಲುಗಳೇ?

ವಿಶ್ರಾಂತಿಯ ತಿಂಗಳುಗಳಲ್ಲಿ ದನಗಳಿಗೆ ಮೇವು ಎಲ್ಲಿಂದ? ಇದಕ್ಕೆ ಉತ್ತರವಿಲ್ಲದ ಯೋಜನೆ ಎರಡನೇ ವರ್ಷಕ್ಕೆ ಮುರಿಯುತ್ತದೆ. ತುಂಡುತುಂಡಾಗಿ ಮುಚ್ಚುವುದು, ಮುಚ್ಚಿದಲ್ಲಿ ಹುಲ್ಲು ಕೊಯ್ದು ಒಯ್ಯಲು ಬಿಡುವುದು ಒಂದು ದಾರಿ.

ಸ್ವಂತ ಜಮೀನಿಲ್ಲದೆ ಎರಡು ಹಸು, ನಾಲ್ಕು ಆಡು ಸಾಕುವವರಿಗೆ ಪಾಲು ಇದೆಯೇ? ಗೋಮಾಳ ಮುಚ್ಚಿದರೆ ಮೊದಲು ಏಟು ಬೀಳುವುದು ಅವರಿಗೆ.

ಜಾಗದ ಸರ್ವೆ ಆಗಿದೆಯೇ? ಊರಿನ ಸಾಮೂಹಿಕ ಜಾಗಗಳ ಒತ್ತುವರಿಯನ್ನು ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಆದೇಶಿಸಿದೆ. ಗಡಿ ಗುರುತಿಸದ ಗೋಮಾಳವನ್ನು ಹಸಿರು ಮಾಡಿದರೆ ಒತ್ತುವರಿ ಮಾಡುವವರಿಗೇ ಅನುಕೂಲ.

ಒಟ್ಟಿನಲ್ಲಿ, ಬರಡು ಮೇವುಭೂಮಿಯನ್ನು ಸರಿಪಡಿಸಿದರೆ ಮಣ್ಣು ಉಳಿಯುತ್ತದೆ, ನೀರು ಇಂಗುತ್ತದೆ, ಹುಲ್ಲಿನ ಹಕ್ಕಿ, ಪ್ರಾಣಿಗಳು ಮರಳಬಹುದು, ಮೇವಿನ ಖರ್ಚು ಇಳಿಯುತ್ತದೆ. ಇಂಗಾಲದ ಲಾಭ ಇದೆ, ಅದು ಸಣ್ಣದು ಮತ್ತು ಸುಮಾರು ಇಪ್ಪತ್ತು ವರ್ಷಗಳದ್ದು. ಮೊದಲು ಹೇಳಿದ ನಾಲ್ಕಕ್ಕಾಗಿಯೇ ಈ ಕೆಲಸ ಮಾಡಬೇಕು. ಆಗಬೇಕಾದ ಮೊದಲ ಕೆಲಸ ನಮ್ಮ ಕಡತಗಳಲ್ಲಿದೆ: ಹುಲ್ಲು ಬೆಳೆಯುವ ನೆಲದ ಮುಂದೆ ‘ಪಾಳು’ ಎಂದು ಬರೆಯುವುದನ್ನು ನಿಲ್ಲಿಸುವುದು.